ಬೇಳೆ ಕಾರ್ಖಾನೆಯ ದಾಸ್ತಾನಿನ ಲೆಕ್ಕವೂ ಬಾರ್‌ಕೋಡ್ ಚೀಟಿಯೂ

ಬೀದರ ಜಿಲ್ಲೆಯಲ್ಲಿ ತೊಗರಿ, ಉದ್ದು, ಹೆಸರು, ಕಡಲೆ ಇವು ಬಹುಕಾಲದಿಂದಲೂ ಮುಖ್ಯವಾದ ಬೆಳೆಗಳಾಗಿವೆ. ಬಗದಲದ ಸುತ್ತಣ ಹಳ್ಳಿಗಳಿಂದಲೂ ಭಾಲ್ಕಿ, ಔರಾದ ತಾಲ್ಲೂಕುಗಳಿಂದಲೂ ತೊಗರಿಯು ಚೀಲಗಳಲ್ಲಿ ಪೇಟೆಗೆ ಬಂದು, ಅಲ್ಲಿಂದ ಬೇಳೆ ಮಾಡುವ ಕಾರ್ಖಾನೆಗಳಿಗೆ ಹೋಗುತ್ತದೆ. ಬೆಳೆಯನ್ನು ಹೊಲದಲ್ಲಿ ಕಾಪಾಡುವುದಕ್ಕಾಗಿ ಒಕ್ಕಲಿಗನು ಪಡುವ ಶ್ರಮವು ಎಲ್ಲರಿಗೂ ತಿಳಿದದ್ದೇ ಆಗಿದೆ. ಆದರೆ ರಾಶಿಯಾದ ಮೇಲೆ ಚೀಲಗಳ ಲೆಕ್ಕ ತಪ್ಪುವುದರಿಂದ ಆಗುವ ನಷ್ಟದ ಕಡೆಗೆ ಅಷ್ಟು ಗಮನವು ಹೋಗುವುದಿಲ್ಲ. ಸಹಕಾರ ಸಂಘದ ಗೋದಾಮಿನಲ್ಲಿ ಮಾಲನ್ನು ಇಡುವವರಿಗೂ, ಹಲವರು ಕೂಡಿ ಬೇಳೆ ಕಾರ್ಖಾನೆಯನ್ನು ನಡೆಸಬೇಕೆಂದಿರುವವರಿಗೂ ಈ ವಿಷಯವು ಅಗತ್ಯವಾಗಿ ತಿಳಿದಿರತಕ್ಕದ್ದು.

ಲೆಕ್ಕವು ತಪ್ಪುವ ಬಗೆ

ಸಾಧಾರಣವಾಗಿ ಲಾರಿಯಿಂದ ಹಮಾಲರು ಚೀಲಗಳನ್ನು ಇಳಿಸುತ್ತಿರುವಾಗ ಗುಮಾಸ್ತನು ಬಾಗಿಲಲ್ಲಿ ನಿಂತು ಚೀಲಕ್ಕೊಂದರಂತೆ ನಾಲ್ಕು ಗೀಟುಗಳನ್ನೆಳೆದು, ಐದನೆಯದನ್ನು ಅಡ್ಡಲಾಗಿ ಹಾಕುವನು. ಸಂಜೆ ಆ ಗೀಟುಗಳನ್ನು ಕೂಡಿಸಿ ಕಿರ್ದಿ ಪುಸ್ತಕದಲ್ಲಿ ಬರೆಯುವನು. ಕಿರ್ದಿಯಿಂದ ಅಂಕಿಗಳು ಖಾತೆಗೆ ಏರುವುವು. ಹೀಗೆ ಒಂದೇ ಸಂಗತಿಯನ್ನು ಮೂರು ಸಲ ಬರೆಯುವುದರಿಂದ ತಪ್ಪಿಗೆ ಮೂರು ಸಲ ಅವಕಾಶವಾಗುತ್ತದೆ. ಐದು ಗೀಟುಗಳ ಒಂದು ಕಟ್ಟು ಬಿಟ್ಟುಹೋದರೆ ೫೦ ಕಿಲೋ ತೂಕದ ಐದು ಚೀಲಗಳು, ಅಂದರೆ ಎರಡೂವರೆ ಕ್ವಿಂಟಲ್ ತೊಗರಿಯು, ಲೆಕ್ಕದಿಂದ ಮಾಯವಾಗುತ್ತದೆ. ೨೦೨೫-೨೬ರ ಮುಂಗಾರು ಹಂಗಾಮಿಗೆ ಕೇಂದ್ರ ಸರಕಾರವು ಗೊತ್ತುಮಾಡಿದ ಬೆಂಬಲ ಬೆಲೆಯು ಕ್ವಿಂಟಲಿಗೆ ೮,೦೦೦ ರೂಪಾಯಿ. ಆ ದರದಿಂದ ಒಂದು ಕಟ್ಟು ಗೀಟಿನ ಬೆಲೆಯು ೨೦,೦೦೦ ರೂಪಾಯಿ ಆಗುವುದು. ಕಡೆಗೆ ಅದು ಕಳುವೋ ಮರೆವೋ ಎಂಬುದು ತಿಳಿಯದೆ, ನಿರಪರಾಧಿಯಾದ ಕಾವಲುಗಾರನ ಮೇಲೋ ಹಮಾಲನ ಮೇಲೋ ಸಂದೇಹವು ಬೀಳುವುದೂ ಉಂಟು.

ಬೇಳೆಯ ಕೆಲಸದಲ್ಲಿ ಇನ್ನೊಂದು ತೊಡಕಿದೆ. ತೊಗರಿಯನ್ನು ಶುದ್ಧಮಾಡಿ, ಸಿಪ್ಪೆಗೆ ಗೀರು ಹಾಕಿ, ಎಣ್ಣೆ ಸವರಿ, ನೀರು ಚಿಮುಕಿಸಿ, ಒಣಗಿಸಿ ಒಡೆದಾಗ, ನೂರು ಕಿಲೋ ಕಾಳಿಗೆ ಸಾಮಾನ್ಯವಾಗಿ ೭೦ರಿಂದ ೭೫ ಕಿಲೋ ಬೇಳೆಯು ಬರುತ್ತದೆ. ಉಳಿದದ್ದು ಹೊಟ್ಟು, ನುಚ್ಚು, ಪುಡಿ ಮತ್ತು ತೇವದ ರೂಪದಲ್ಲಿ ಹೋಗುತ್ತದೆ. ಒಳಗೆ ಬಂದ ತೂಕಕ್ಕೂ ಹೊರಗೆ ಹೋದ ತೂಕಕ್ಕೂ ಹೀಗೆ ಸಹಜವಾಗಿಯೇ ವ್ಯತ್ಯಾಸವಿರುವುದರಿಂದ, ಲಾಟುವಾರು ಲೆಕ್ಕವಿಲ್ಲದ ಕಡೆಯಲ್ಲಿ ನ್ಯಾಯವಾದ ಸವಕಳಿ ಯಾವುದು, ಅನ್ಯಾಯವಾದ ನಷ್ಟ ಯಾವುದು ಎಂಬುದನ್ನು ಬೇರ್ಪಡಿಸಲಾಗದು.

ಬಾರ್‌ಕೋಡ್ ಎಂದರೇನು

ದಪ್ಪವೂ ಸಣ್ಣವೂ ಆದ ಕಪ್ಪು ಗೀಟುಗಳನ್ನು ಸಾಲಾಗಿ ಅಚ್ಚುಹಾಕಿದ ಗುರುತಿಗೆ ಬಾರ್‌ಕೋಡ್ ಎಂದು ಹೆಸರು. ಈ ಗೀಟುಗಳೂ ಅವುಗಳ ನಡುವಣ ತೆರಪುಗಳೂ ಅಂಕಿಗಳನ್ನು ಸೂಚಿಸುತ್ತವೆ. ಸ್ಕ್ಯಾನರ್ ಎಂಬ ಯಂತ್ರವು ಅದರ ಮೇಲೆ ಬೆಳಕನ್ನು ಚೆಲ್ಲುವುದು. ಕಪ್ಪು ಗೀಟು ಬೆಳಕನ್ನು ಹೀರಿಕೊಳ್ಳುವುದು, ಬಿಳಿಯ ತೆರಪು ಅದನ್ನು ಹಿಂದಿರುಗಿಸುವುದು. ಈ ಭೇದದಿಂದ ಯಂತ್ರವು ಅಂಕಿಗಳನ್ನು ಓದಿ ಗಣಕಯಂತ್ರದ ಪುಸ್ತಕಕ್ಕೆ ಏರಿಸುವುದು. ಈಗ ಕೈಫೋನಿನಿಂದಲೂ ಇದನ್ನು ಓದಬಹುದು. ಅಮೆರಿಕದ ವುಡ್‌ಲ್ಯಾಂಡ್ ಮತ್ತು ಸಿಲ್ವರ್ ಎಂಬ ಇಬ್ಬರು ೧೯೪೯ರಲ್ಲಿ ಇದಕ್ಕೆ ಹಕ್ಕುಪತ್ರವನ್ನು ಬೇಡಿ, ೧೯೫೨ರಲ್ಲಿ ಪಡೆದರು. ಅಂಗಡಿಯ ಸಾಮಾನಿನ ಮೇಲೆ ಇಂದಿನ ರೂಪದ ಗುರುತನ್ನು ಮೊದಲು ಓದಿದ್ದು ೧೯೭೪ನೆಯ ಇಸವಿ ಜೂನ್ ೨೬ರಂದು, ಓಹಾಯೋ ಸಂಸ್ಥಾನದ ಟ್ರಾಯ್ ಎಂಬ ಊರಿನಲ್ಲಿ.

ಒಕ್ಕಲಿಗರಿಗೆ ಇದು ಕಾಣದ ವಸ್ತುವಲ್ಲ. ಬೀದರ ಸೀಮೆಯ ದೇವಣಿ ಆಕಳುಗಳೇ ಮೊದಲಾದ ದನಗಳ ಕಿವಿಗೆ ಪಶುವೈದ್ಯ ಇಲಾಖೆಯವರು ಹಾಕುವ ಹಳದಿ ಬಿಲ್ಲೆಯಲ್ಲಿ ೧೨ ಅಂಕಿಗಳೂ ಇಂಥದೇ ಗೀಟುಗಳೂ ಇರುತ್ತವೆ. ಒಂದು ಆಕಳಿನ ಸಂಖ್ಯೆ ಇನ್ನೊಂದಕ್ಕಿಲ್ಲದಿರುವುದರಿಂದ, ಯಾವುದಕ್ಕೆ ಲಸಿಕೆಯಾಯಿತು, ಯಾವುದಕ್ಕೆ ಆಗಲಿಲ್ಲ ಎಂಬುದು ಸಂಶಯವಿಲ್ಲದೆ ತಿಳಿಯುತ್ತದೆ. ಚೀಲಕ್ಕೂ ಹಾಗೆಯೇ ಅದರದೇ ಆದ ಒಂದು ಸಂಖ್ಯೆಯನ್ನು ಕೊಡುವುದೇ ಈ ಕ್ರಮದ ತಿರುಳು.

ತಪ್ಪನ್ನು ಹಿಡಿಯುವ ಅಂಕಿ

ಅಂಗಡಿಯಲ್ಲಿ ಮಾರುವ ಬೇಳೆಯ ಪೊಟ್ಟಣದ ಮೇಲೆ ೧೩ ಅಂಕಿಗಳ ಗುರುತಿರುತ್ತದೆ. ಭಾರತದ ಸಂಸ್ಥೆಯಲ್ಲಿ ನೋಂದಾಯಿಸಿದ ಸಂಖ್ಯೆಗಳು ೮೯೦ರಿಂದ ಮೊದಲಾಗುತ್ತವೆ. ಕೊನೆಯ ಅಂಕಿಯು ಪರೀಕ್ಷೆಗಾಗಿ ಇಟ್ಟದ್ದು. ಉದಾಹರಣೆಗೆ ೮೯೦೧೨೩೪೫೬೭೮೯ ಎಂಬ ಮೊದಲ ಹನ್ನೆರಡು ಅಂಕಿಗಳಲ್ಲಿ ಎಡದಿಂದ ಬೆಸಸ್ಥಾನದ ಅಂಕಿಗಳನ್ನು ಕೂಡಿಸಿದರೆ ೨೮ ಆಗುವುದು. ಸಮಸ್ಥಾನದವುಗಳನ್ನು ಕೂಡಿಸಿದರೆ ೩೪, ಅದನ್ನು ಮೂರರಿಂದ ಗುಣಿಸಿದರೆ ೧೦೨. ಎರಡೂ ಸೇರಿ ೧೩೦. ಇದು ಹತ್ತರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಪರೀಕ್ಷೆಯ ಅಂಕಿಯು ೦. ಯಾರಾದರೂ ೫ರ ಸ್ಥಾನದಲ್ಲಿ ೬ ಎಂದು ಬರೆದರೆ ಮೊತ್ತವು ೧೩೩ ಆಗುವುದು. ಆಗ ಕೊನೆಯ ಅಂಕಿಯು ೭ ಇರಬೇಕು, ೦ ಹೊಂದುವುದಿಲ್ಲ. ಯಂತ್ರವು ಕೂಡಲೇ ಅದನ್ನು ನಿರಾಕರಿಸುವುದು. ಕೈಬರಹದ ಕಿರ್ದಿಯಲ್ಲಿ ಇಂಥ ಕಾವಲು ಇಲ್ಲ.

ಆದರೆ ಒಂದು ಭೇದವನ್ನು ಮರೆಯಬಾರದು. ಪೊಟ್ಟಣದ ಮೇಲಣ ಈ ೧೩ ಅಂಕಿಗಳು ಸರಕಿನ ಜಾತಿಯನ್ನು ಹೇಳುತ್ತವೆಯೇ ಹೊರತು, ಯಾವ ದಿನದ ಯಾವ ಲಾಟು ಎಂಬುದನ್ನು ಹೇಳುವುದಿಲ್ಲ. ಒಂದೇ ಬಗೆಯ ಸಾವಿರ ಪೊಟ್ಟಣಗಳಿಗೆ ಒಂದೇ ಸಂಖ್ಯೆ. ಗೋದಾಮಿನ ಚೀಲಗಳಿಗಾದರೋ ಲಾಟಿನ ಸಂಖ್ಯೆ, ದಿನಾಂಕ, ಚೀಲದ ಕ್ರಮಸಂಖ್ಯೆ ಇವುಗಳನ್ನು ತಿಳಿಸುವ ಬೇರೆ ಚೀಟಿಯು ಬೇಕಾಗುತ್ತದೆ.

ಪ್ರಯೋಜನಗಳು

ಮೊದಲನೆಯದು, ಹಳೆಯ ಮಾಲು ಮೊದಲು ಹೊರಗೆ ಹೋಗುವುದು. ಕಾಳುಕೊರೆಯುವ ಹುಳುವು ಅನೇಕ ವೇಳೆ ಹೊಲದಿಂದಲೇ ಕಾಳಿನೊಡನೆ ಬಂದು, ಸೆಕೆಯ ಕಾಲದಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ಪೀಳಿಗೆಯಂತೆ ಬೆಳೆಯುತ್ತದೆ. ಬಾಗಿಲ ಬಳಿಯ ಹೊಸ ಚೀಲಗಳೇ ದಿನವೂ ಖರ್ಚಾಗಿ, ಗೋಡೆಯ ಮಗ್ಗುಲಿನ ಹಳೆಯ ಅಟ್ಟಿಯು ಹಾಗೆಯೇ ನಿಂತರೆ, ಅದು ಇಡೀ ಗೋದಾಮಿಗೆ ಹುಳುವಿನ ತವರಾಗುವುದು. ಚೀಟಿಯನ್ನು ಓದಿಸಿದಾಗ, ಮುಂದೆ ಯಾವ ಅಟ್ಟಿಯನ್ನು ತೆಗೆಯಬೇಕೆಂಬುದನ್ನು ಲೆಕ್ಕವೇ ತೋರಿಸುವಂತೆ ಮಾಡಬಹುದು.

ಎರಡನೆಯದು, ಪ್ರತಿಯೊಂದು ಲಾಟಿನ ಫಲವು ಬೇರೆಯಾಗಿ ತಿಳಿಯುವುದು. ತಲಾ ನೂರು ಕ್ವಿಂಟಲಿನ ಎರಡು ಲಾಟುಗಳಲ್ಲಿ ಒಂದರಿಂದ ೭೩ ಕ್ವಿಂಟಲ್, ಇನ್ನೊಂದರಿಂದ ೬೬ ಕ್ವಿಂಟಲ್ ಬೇಳೆ ಬಂತೆಂದು ಇಟ್ಟುಕೊಳ್ಳೋಣ. ಸಂಖ್ಯೆಯಿದ್ದಲ್ಲಿ ಕಾಳು ಹಸಿಯಾಗಿತ್ತೋ, ಯಂತ್ರವು ಕೆಟ್ಟಿತ್ತೋ ವಿಚಾರಿಸಬಹುದು. ಸಂಖ್ಯೆಯಿಲ್ಲದಿದ್ದಲ್ಲಿ ಚೆನ್ನಾಗಿ ಒಣಗಿಸಿ ತಂದವನಿಗೂ ಹಸಿಯದನ್ನು ತಂದವನಿಗೂ ಒಂದೇ ಬೆಲೆ ಬೀಳುವುದು.

ಮೂರನೆಯದು, ದೋಷವು ಕಂಡುಬಂದಾಗ ಆ ಲಾಟನ್ನು ಮಾತ್ರ ಹಿಂದಕ್ಕೆ ತರಿಸಬಹುದು. ೨೦೦೬ರ ಆಹಾರ ಸುರಕ್ಷತೆಯ ಕಾಯಿದೆಗೆ ಅನುಸಾರವಾದ ನಿಯಮಗಳಂತೆ ಪೊಟ್ಟಣದ ಮೇಲೆ ಲಾಟಿನ ಗುರುತು ಇರಲೇಬೇಕು. ಅದನ್ನು ಚೀಲದ ಚೀಟಿಯೊಡನೆ ಜೋಡಿಸಿದ್ದರೆ, ಒಂದು ಲಾಟಿನ ತಪ್ಪಿಗಾಗಿ ಇಡೀ ಹಂಗಾಮಿನ ಮಾಲು ಕೆಡುನುಡಿಗೆ ಗುರಿಯಾಗದು.

ಇದರ ಮಿತಿಗಳು

ಬಾರ್‌ಕೋಡ್ ತೂಗುವುದಿಲ್ಲ, ತೇವವನ್ನು ನೋಡುವುದಿಲ್ಲ, ಚೀಲದೊಳಗೆ ಏನಿದೆಯೆಂದು ಅರಿಯದು. ಬೇಸತ್ತ ಕೆಲಸಗಾರನು ಒಂದೇ ಚೀಟಿಯನ್ನು ಇಪ್ಪತ್ತು ಸಲ ಓದಿಸಿ ಇಪ್ಪತ್ತು ಚೀಲಗಳೆಂದು ತೋರಿಸಬಲ್ಲನು. ಚೀಲಗಳಿಗೆಲ್ಲ ಒಂದೇ ಗುರುತಿದ್ದರೆ ಈ ಮೋಸವು ತಿಳಿಯುವುದೂ ಇಲ್ಲ. ಚೀಲವು ಅಲುಗಿದ ಸ್ಥಳದಲ್ಲಿ, ಅಲುಗಿದ ಹೊತ್ತಿನಲ್ಲಿಯೇ ಲೆಕ್ಕವಾದರೆ ಮಾತ್ರ ಪುಸ್ತಕವು ಸತ್ಯವಾಗಿರುವುದು. ಬಾರ್‌ಕೋಡ್ ಆ ಕೆಲಸವನ್ನು ಸುಲಭಗೊಳಿಸುವುದೇ ಹೊರತು, ಆ ಕಟ್ಟುಪಾಡಿಗೆ ಬದಲಾಗಲಾರದು.

ಅನುಸರಿಸಬೇಕಾದ ಕ್ರಮ

೧. ಚೀಲವನ್ನು ತೂಗಿದ ಕೂಡಲೇ, ಕಾಟಾದ ಬಳಿಯಲ್ಲಿಯೇ ಚೀಟಿ ಹಾಕತಕ್ಕದ್ದು. ಚೀಟಿಗಳನ್ನು ಮುಂಚಿತವಾಗಿ ಹಂಚಿಡಬಾರದು.

೨. ಗೋಣಿಗೆ ಅಂಟು ನಿಲ್ಲದು. ಗಟ್ಟಿಯಾದ ಚೀಟಿಯನ್ನು ಚೀಲದ ಬಾಯಿಯ ಹೊಲಿಗೆಯಲ್ಲಿ ಸೇರಿಸಬೇಕು. ಅಲ್ಲಿ ಹಮಾಲರ ಕೊಕ್ಕೆಯ ಏಟು ತಾಕುವ ಸಂಭವ ಕಡಮೆ.

೩. ಗೀಟುಗಳ ಕೆಳಗೆ ಅಂಕಿಗಳನ್ನೂ ಅಚ್ಚುಹಾಕಿಸಬೇಕು. ಧೂಳು ಮುಚ್ಚಿದಾಗಲೂ ವಿದ್ಯುತ್ತು ಹೋದಾಗಲೂ ಕಣ್ಣಿನಿಂದ ಓದಲು ಬರುವಂತಿರಬೇಕು.

೪. ಆವಕ, ಗಿರಣಿಗೆ ಹಾಕುವಿಕೆ, ಬೇಳೆಯ ಚೀಲ ಕಟ್ಟುವಿಕೆ, ಜಾವಕ ಈ ನಾಲ್ಕು ಕಡೆಗಳಲ್ಲಿ ತಪ್ಪದೆ ಓದಿಸಬೇಕು. ಹೊಟ್ಟು, ನುಚ್ಚುಗಳನ್ನೂ ತೂಗಿ ಅದೇ ಲಾಟಿಗೆ ಬರೆಯಬೇಕು.

೫. ವಾರಕ್ಕೊಮ್ಮೆ ಒಂದೆರಡು ಅಟ್ಟಿಗಳನ್ನು, ಲೆಕ್ಕ ಬರೆಯುವವನಲ್ಲದ ಬೇರೊಬ್ಬನು, ಕೈಯಿಂದ ಎಣಿಸಿ ಪುಸ್ತಕಕ್ಕೆ ತಾಳೆನೋಡಬೇಕು. ವ್ಯತ್ಯಾಸವು ಕಂಡರೆ ಅಂಕಿಯನ್ನು ತಿದ್ದುವುದಕ್ಕೆ ಮೊದಲು ಕಾರಣವನ್ನು ಹುಡುಕಬೇಕು.

ಸಣ್ಣ ಸಂಘಗಳು ಮೊದಲಿಗೆ ಒಂದು ಕೈಫೋನು, ಒಂದು ಚೀಟಿ ಅಚ್ಚುಹಾಕುವ ಯಂತ್ರ ಇಷ್ಟರಿಂದಲೇ ಒಂದು ಹಂಗಾಮು ನಡೆಸಿ ನೋಡಬಹುದು. ಊರಿನ ಮುಖ್ಯಸ್ಥರು ಸಂಘದ ಸಭೆಯಲ್ಲಿ ಒಂದು ಪ್ರಶ್ನೆಯನ್ನು ಕೇಳಿದರೆ ಸಾಕು: ಇಂಥ ದಿನ ಇಂಥವರ ಹೊಲದಿಂದ ಬಂದ ಚೀಲಗಳು ಈಗ ಎಲ್ಲಿವೆ? ಪುಸ್ತಕವನ್ನು ತೆರೆದು, ಗೋದಾಮಿನಲ್ಲಿ ಬೆರಳಿಟ್ಟು ಉತ್ತರ ಹೇಳಲು ಬರುವ ಸಂಘದಲ್ಲಿ ಒಕ್ಕಲಿಗನ ಮಾಲು ಸುರಕ್ಷಿತವಾಗಿದೆಯೆಂದು ತಿಳಿಯಬಹುದು.