ಜಗಳಗಂಟ ಮೀನಿಗೊಂದು ಕೂಣಿ

ಡೊಮಿನೊ ಡ್ಯಾಮ್ಸೆಲ್ ಮರಿಯನ್ನು ಅಂಗಡಿಯಲ್ಲಿ ಕಂಡವರಿಗೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಮಸಿಗಪ್ಪು ಮೈ, ಹಣೆಗೊಂದು ಬಿಳಿ ಬೊಟ್ಟು, ಎರಡು ಪಕ್ಕಕ್ಕೂ ಒಂದೊಂದು. ಬೆಲೆ ಕಡಿಮೆ, ಜೀವ ಗಟ್ಟಿ. ಹೊಸ ಉಪ್ಪುನೀರಿನ ಅಕ್ವೇರಿಯಂನಲ್ಲಿ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ವಾರಗಳೇ ಬೇಕು. ಅಷ್ಟು ದಿನ ಆ ವಿಷದಲ್ಲೂ ಬದುಕಬಲ್ಲದೆಂದು ಇದನ್ನೇ ಮೊದಲು ಬಿಡುವ ರೂಢಿ ಬಂತು. ಕ್ರೂರ ರೂಢಿ ಅದು. ಮೀನಿಲ್ಲದೆಯೂ ಆ ಬ್ಯಾಕ್ಟೀರಿಯಾ ಬೆಳೆಸಬಹುದು.

ಮೊದಲು ಬಂದ ಮೀನು ಇಡೀ ಜಾಗ ತನ್ನದೆಂದುಕೊಳ್ಳುತ್ತದೆ. ಬೆಳೆಯುತ್ತಾ ಬೊಟ್ಟುಗಳು ಮಾಸುತ್ತವೆ, ಉದ್ದ 14 ಸೆಂ.ಮೀ.ವರೆಗೂ ಹೋಗಬಹುದು. ಆಮೇಲೆ ಬಿಟ್ಟ ಮೀನುಗಳ ರೆಕ್ಕೆ ಚಿಂದಿಯಾಗುತ್ತದೆ. ಕಡಲಲ್ಲಿ ಅಟ್ಟಿಸಿಕೊಂಡ ಮೀನು ನಾಲ್ಕು ಮಾರು ದೂರ ಹೋದರೆ ಜಗಳ ಮುಗಿಯಿತು. ನಾಲ್ಕಡಿ ಗಾಜಿನೊಳಗೆ ಅದು ಎಲ್ಲಿಗೆ ಹೋಗಬೇಕು? ತಪ್ಪು ಜಗಳಗಂಟ ಮೀನಿನದಲ್ಲ, ಆದರೂ ಅದನ್ನು ಹೊರತೆಗೆಯಲೇಬೇಕು.

ಬಲೆ ಹಿಡಿದು ಅಟ್ಟಿದರೆ ಕೆಟ್ಟಿತು. ಮೀನು ಕಲ್ಲಿನ ಸಂದಿ ಸೇರುತ್ತದೆ, ಹವಳ ಮುರಿಯುತ್ತದೆ, ಪಾಪದ ಮೀನುಗಳು ಬೆದರಿ ಮೇವು ಬಿಡುತ್ತವೆ. ಟ್ರಿಗರ್ ಮೀನಾದರೆ ಸಂದಿಯೊಳಗೆ ಬೆನ್ನಿನ ಮೊದಲ ಮುಳ್ಳನ್ನು ನೆಟ್ಟಗೆ ನಿಲ್ಲಿಸುತ್ತದೆ. ಎರಡನೆಯ ಮುಳ್ಳು ಅದಕ್ಕೆ ಚಿಲಕ. ಎಷ್ಟು ಎಳೆದರೂ ಬಾರದು. ಸರ್ಜನ್ ಮೀನಿನ ಬಾಲದ ಬುಡದಲ್ಲಿರುವ ಚೂರಿಯಂಥ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವವರ ಬೆರಳೂ ಕೊಯ್ದೀತು.

ಬಲ್ಲವರು ಮೀನನ್ನು ಅಟ್ಟುವುದಿಲ್ಲ, ಕರೆಯುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ಹರಿವ ನೀರಿಗೆ ಬಿದಿರಿನ ಕೂಣಿ ಒಡ್ಡುವುದನ್ನು ನೋಡಿದವರಿಗೆ ಇದರ ಮರ್ಮ ಗೊತ್ತು: ಒಳಗೆ ಹೋಗುತ್ತಾ ಕಿರಿದಾಗುವ ಬಾಯಿ, ಹೊಕ್ಕ ಮೀನಿಗೆ ತಿರುಗಿ ದಾರಿ ಸಿಗದು. ನೀರಿನ ಬಾಟಲಿಯ ಕತ್ತು ಕತ್ತರಿಸಿ ತಲೆಕೆಳಗಾಗಿ ಒಳಕ್ಕೆ ತೂರಿಸಿದರೆ ಅದೇ ಕೂಣಿ. ಇನ್ನೂ ಒಳ್ಳೆಯದು ಅಕ್ರಿಲಿಕ್ ಪೆಟ್ಟಿಗೆ. ಬಾಗಿಲಿಗೆ ಗಾಳದ ದಾರ ಕಟ್ಟಿ ಮೇಲೆತ್ತಿಡುತ್ತಾರೆ. ಮೊದಲ ದಿನವೇ ದಾರ ಬಿಡಬಾರದು. ಉಳಿದೆಡೆ ಮೇವು ಕಡಿಮೆ ಮಾಡಿ, ಪೆಟ್ಟಿಗೆಯೊಳಗೆ ದಿನವೂ ಒಂದಿಷ್ಟು ಸಿಗಡಿ ಚೂರು ಇಡಬೇಕು. ಮೀನು ಮೊದಲು ಸುತ್ತು ಹೊಡೆಯುತ್ತದೆ, ಮೂತಿ ಹಾಕಿ ಹಿಂದೆ ಸರಿಯುತ್ತದೆ, ಕೊನೆಗೆ ತನ್ನದೇ ಮನೆಯೆಂಬಂತೆ ಒಳಗೆ ನಿಂತು ತಿನ್ನುತ್ತದೆ. ಆಗ ದಾರ ಬಿಡಬೇಕು. ಬೇರೆ ಮೀನು ಒಳಗಿದ್ದಾಗ ಆತುರಪಟ್ಟರೆ ಎಲ್ಲವೂ ಮೊದಲಿನಿಂದ. ಈ ಕಾಯುವಿಕೆಯೇ ಕಸುಬಿನ ಮುಕ್ಕಾಲು ಪಾಲು.

ಕೆಲವರು ರಾತ್ರಿಗೆ ಕಾಯುತ್ತಾರೆ. ದೀಪ ಆರಿದ ಮೇಲೆ ಅನೇಕ ಮೀನುಗಳು ದಿನವೂ ಅದೇ ಸಂದಿಯಲ್ಲಿ ಮಲಗುತ್ತವೆ. ಕಲ್ಲಿನ ಸಮೇತ ಬಕೆಟ್ಟಿಗೆ ಎತ್ತಿಬಿಡಬಹುದು.

ಹಿಡಿದದ್ದನ್ನು ಅಂಗಡಿಗೆ ಹಿಂತಿರುಗಿಸಬೇಕು, ಇಲ್ಲವೇ ಸಮಬಲದ ಮೀನುಗಳಿರುವ ದೊಡ್ಡ ಅಕ್ವೇರಿಯಂಗೆ ಕೊಡಬೇಕು. ಕಡಲಿಗಂತೂ ಬಿಡಬಾರದು. ನಮ್ಮ ಕಡೆಯ ಸಾಗರಗಳ ಲಯನ್‌ಫಿಶ್ 1985ರಲ್ಲಿ ಅಮೆರಿಕದ ಫ್ಲೋರಿಡಾ ಕರಾವಳಿಯಲ್ಲಿ ಕಂಡಿತು. ಸಾಕಿದವರು ಬಿಟ್ಟದ್ದರಿಂದಲೇ ಬಂದಿರಬೇಕೆಂದು ತಜ್ಞರ ಅಭಿಪ್ರಾಯ. ಇಂದು ಕೆರಿಬಿಯನ್ ಉದ್ದಕ್ಕೂ ಅದು ಅಲ್ಲಿನ ಮರಿಮೀನುಗಳನ್ನು ನುಂಗುತ್ತಿದೆ.

ಇತ್ತ ಖಾಲಿಯಾದ ಸಂದಿಯ ಮೇಲೆ ಎರಡನೆಯ ಬಲಶಾಲಿಯ ಕಣ್ಣು ಬಿದ್ದಿರುತ್ತದೆ. ಎಷ್ಟೋ ಸಲ ಅದು ಡ್ಯಾಮ್ಸೆಲ್‌ನದೇ ಕುಟುಂಬಕ್ಕೆ ಸೇರಿದ, ಎಲ್ಲರ ಮುದ್ದಿನ ಕ್ಲೌನ್ ಮೀನು. ಅದಕ್ಕೇ ಅದೇ ಸಂಜೆ, ಪೆಟ್ಟಿಗೆ ಹೊರತೆಗೆದ ಕೈಯಲ್ಲೇ, ಕಲ್ಲುಗಳನ್ನೂ ಜರುಗಿಸಿ ಬೇರೆ ಥರ ಜೋಡಿಸಿಡುತ್ತಾರೆ.