ಹಳೆಯ ಎಂ.ಜಿ. ಕಾರಿನ ಒಳಹಾಸು

ಕಾರುಗಳ ಗಾದಿ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿರುವ ನಮ್ಮ ವಾಚನಾಲಯದ ಮಿತ್ರರೊಬ್ಬರು ಕಳೆದ ಮಳೆಗಾಲದ ಕೊನೆಯಲ್ಲಿ ಒಂದು ಪ್ರಶ್ನೆಯನ್ನು ಹೊತ್ತು ಬಂದರು. ಅವರ ಅಂಗಡಿಗೆ ಹಳೆಯ ವಿಲಾಯತಿ ಸ್ಪೋರ್ಟ್ಸ್ ಕಾರೊಂದು ಬಂದಿತ್ತಂತೆ. ಎರಡೇ ಆಸನ, ಮಡಚುವ ಬಟ್ಟೆಯ ಮಾಡು. ಮಾಲೀಕರು ಹೊಸ ಕಾರ್ಪೆಟ್ಟನ್ನು ಕೈಗಿತ್ತು, “ಹಳೆಯ ಮೆತ್ತೆಯ ಮೇಲೆಯೇ ಅಂಟಿಸಿಬಿಡಿ, ಭಾನುವಾರ ಹಳೆ ಕಾರುಗಳ ಮೆರವಣಿಗೆಯಿದೆ” ಎಂದರು. ಮಿತ್ರರು ಅಂಟಿಸಿಕೊಟ್ಟರು. ಎರಡು ತಿಂಗಳು ತುಂಬುವುದರೊಳಗೆ ಕಾರು ಮರಳಿ ಬಂತು. ಬಾಗಿಲು ತೆಗೆದರೆ ಹಸಿ ಗೋಣಿಯ ನಾತ. ಕೂಲಿ ಕೊಡುವುದಿರಲಿ, ಕೊಟ್ಟ ಹಣವನ್ನೂ ಮರಳಿ ಕೇಳಿದರು. “ನನ್ನ ಅಂಟಿನಲ್ಲಿ ದೋಷವಿರಲಿಲ್ಲ. ತಪ್ಪು ಎಲ್ಲಾಯಿತು?” ಎಂಬುದು ಅವರ ಪ್ರಶ್ನೆ.

ಆ ಕಾರು ಯಾವ ಕಂಪನಿಯದೆಂದು ಅವರಿಗೆ ನೆನಪಿರಲಿಲ್ಲ. ಅದೇ ಜಾತಿಯ, ನಾವು ಚೆನ್ನಾಗಿ ಓದಿ ತಿಳಿದ ಎಂ.ಜಿ.ಬಿ. ಎಂಬ ಕಾರನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುತ್ತೇವೆ. ಎಂ.ಜಿ. ಎಂದರೆ ಮೋರಿಸ್ ಗ್ಯಾರೇಜಸ್. ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹತ್ತಿರದ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಕಾರು ತಯಾರಾಯಿತು; ಗಟ್ಟಿ ಮಾಡಿನದನ್ನೂ ಸೇರಿಸಿದರೆ ಐದು ಲಕ್ಷಕ್ಕೂ ಮೇಲೆ. ಬಿಡಿಭಾಗಗಳು ಈಗಲೂ ದೊರೆಯುವುದರಿಂದ ಬಹಳಷ್ಟು ಕಾರುಗಳು ಇನ್ನೂ ಓಡುತ್ತಿವೆ.

ನಾವು ಬೀದಿಯಲ್ಲಿ ಕಾಣುವ ಲಾರಿಗೆ ಕೆಳಗೆ ಉಕ್ಕಿನ ಚಾಸಿ ಇರುತ್ತದೆ, ಮೇಲೆ ಮೈಯನ್ನು ಕೂಡಿಸಿರುತ್ತಾರೆ. ಎಂ.ಜಿ.ಬಿ.ಗೆ ಹಾಗೆ ಬೇರೆ ಚಾಸಿ ಇಲ್ಲ. ಸೀಮೆಎಣ್ಣೆ ಡಬ್ಬಕ್ಕೆ ಅದರ ಗೋಡೆಗಳೇ ಹೇಗೆ ಬಲವೋ ಹಾಗೆ, ಈ ಕಾರಿಗೆ ನೆಲದ ತಗಡು, ನಡುವಿನ ಗೇರುಪೆಟ್ಟಿಗೆಯ ಸುರಂಗ, ಬಾಗಿಲ ಕೆಳಗಿನ ಟೊಳ್ಳು ಹೊಸ್ತಿಲು, ಇವೇ ಬೆನ್ನೆಲುಬು. ಆಸನವೂ ಆಸನದ ಪಟ್ಟಿಯೂ ಹಿಡಿದಿರುವುದು ಇದೇ ತಗಡನ್ನು. ಆದಕಾರಣ ಹಾಸಿನ ಕೆಳಗೆ ತುಕ್ಕು ಹಿಡಿಯಿತೆಂದರೆ ಅಂದಗೆಟ್ಟಿತೆಂದಷ್ಟೇ ಅರ್ಥವಲ್ಲ. ಢಿಕ್ಕಿಯಾದ ದಿನ ಕುಳಿತವನನ್ನು ಹಿಡಿಯಬೇಕಾದ ಆಧಾರವೇ ಕರಗುತ್ತಿದೆ ಎಂದರ್ಥ.

ಇನ್ನು ಹಾಸಿನ ವಿಷಯ. ಅಂದಿನ ಬ್ರಿಟಿಷ್ ಕಾರುಗಳಲ್ಲಿ ತಗಡಿನ ಮೇಲೆ ಅಲ್ಲಲ್ಲಿ ಡಾಂಬರಿನ ಹಲಗೆ, ಅದರ ಮೇಲೆ ಸೆಣಬಿನ ಫೆಲ್ಟು, ಮೇಲೆ ಕಾರ್ಪೆಟ್ಟು ಇಲ್ಲವೆ ರಬ್ಬರಿನ ಹಾಸು. (ನಮ್ಮ ಬಂಗಾಳದ ಸೆಣಬು ಹಡಗೇರಿ ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಗಿರಣಿಗಳಿಗೆ ಹೋಗುತ್ತಿದ್ದ ಕಾಲವೊಂದಿತ್ತು, ಆ ದೇಶದಲ್ಲಿ ಸೆಣಬು ಕಾರಿನ ಒಳಗೂ ಹೊಕ್ಕಿತೆಂದರೆ ಅಚ್ಚರಿಯಿಲ್ಲ.) ಸೆಣಬು ಅಗ್ಗ, ಮೆತ್ತಗೆ, ಸದ್ದನ್ನು ಚೆನ್ನಾಗಿ ನುಂಗುತ್ತದೆ. ನೀರನ್ನೂ ಅಷ್ಟೇ ಚೆನ್ನಾಗಿ ಕುಡಿಯುತ್ತದೆ. ಬೇಸಗೆಯಲ್ಲಿ ನೀರಿನ ಗಡಿಗೆಗೆ ಒದ್ದೆ ಗೋಣಿ ಸುತ್ತಿಟ್ಟರೆ ಅದು ಎಷ್ಟು ಹೊತ್ತು ತೇವವಾಗಿರುತ್ತದೆಂಬುದನ್ನು ಊರಲ್ಲಿ ಎಲ್ಲರೂ ಕಂಡವರೇ. ಕಾರಿನಲ್ಲಾದರೆ ಅದಕ್ಕೆ ಗಾಳಿಯೂ ಇಲ್ಲ; ಮೇಲೆ ಕಾರ್ಪೆಟ್ಟು, ಕೆಳಗೆ ಉಕ್ಕು. ಮೇಲ್ಮೈ ಒಣಗಿದಂತೆ ಕಂಡರೂ ಕೆಳಗೆ ವಾರಗಟ್ಟಲೆ ತೇವ. ನಮ್ಮ ಮಿತ್ರರು ಅದರ ಮೇಲೆ ಇನ್ನೊಂದು ಹಾಸನ್ನು ಅಂಟಿಸಿ ಮುಚ್ಚಳ ಹಾಕಿದಂತಾಯಿತು, ಅಷ್ಟೆ.

ಆದುದರಿಂದ ಮೊದಲ ಕೆಲಸ ಹಾಸನ್ನು ಕೊಳ್ಳುವುದಲ್ಲ, ನೀರು ಎಲ್ಲಿಂದ ಬಂತೆಂದು ಹುಡುಕುವುದು. ಬಟ್ಟೆಯ ಮಾಡು, ಬಾಗಿಲ ರಬ್ಬರು ಇವು ಎಲ್ಲರಿಗೂ ತೋಚುವ ಜಾಗಗಳು. ತೋಚದ ಜಾಗ ಇನ್ನೊಂದಿದೆ. ಎಂ.ಜಿ.ಬಿ.ಯ ಮುಂಗಾಜಿನ ಮುಂದೆ ಗಾಳಿ ಒಳಬರುವ ಜಾಲರಿಯೊಂದಿದೆ. ಅದರೊಳಗೆ ಬಿದ್ದ ಮಳೆನೀರು ಒಂದು ರಬ್ಬರ್ ನಳಿಕೆಯ ಮೂಲಕ ಕೆಳಗಿಳಿದು ಗೇರುಪೆಟ್ಟಿಗೆಯ ಸುರಂಗದ ಕಡೆ ಹೊರಹೋಗಬೇಕು. ಎಲೆ, ಮಣ್ಣು ಸೇರಿ ಆ ನಳಿಕೆ ಕಟ್ಟಿಕೊಂಡರೆ ನೀರು ಉಕ್ಕಿ ಹೀಟರಿನ ಮೂಲಕ ಕಾಲ ಬಳಿ ಸುರಿಯುತ್ತದೆ. ಮಾಡಿಗೆ ಎಷ್ಟು ತೇಪೆ ಹಾಕಿದರೂ ನಿಲ್ಲಲಾರದು.

ಮಳೆನೀರೇ ಆಗಬೇಕೆಂದೂ ಇಲ್ಲ. ನೆಲದ ಮೇಲಿನ ದ್ರವ ಬೆರಳಿಗೆ ಜಿಗುಟಾಗಿದ್ದು ಸಿಹಿ ವಾಸನೆ ಬಂದರೆ ಹೀಟರಿನಿಂದ ಇಂಜಿನ್ನಿನ ತಂಪುನೀರು ಸೋರುತ್ತಿದೆ. ಅದು ವಿಷ, ಬಾಯಿಗೆ ತಾಗಿಸಬಾರದು. ಪೆಡಲುಗಳ ಬಳಿ ಎಣ್ಣೆಯಂತೆ ಜಾರುವ ದ್ರವವಿದ್ದು ಅಲ್ಲಿನ ಬಣ್ಣ ಸುಲಿಯುತ್ತಿದ್ದರೆ ಅದು ಕ್ಲಚ್ಚು ಇಲ್ಲವೆ ಬ್ರೇಕಿನ ಮಾಸ್ಟರ್ ಸಿಲಿಂಡರಿನಿಂದ ಇಳಿದದ್ದು. ಆಗ ಹಾಸಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕರನ್ನು ಕರೆಯತಕ್ಕದ್ದು.

ಕೀಳುವ ಕೆಲಸಕ್ಕೆ ಕೈಹಾಕುವ ಮುನ್ನ ಬ್ಯಾಟರಿಯ ತಂತಿ ಬಿಚ್ಚಬೇಕು. ಈ ಕಾರಿನಲ್ಲಿ ಬ್ಯಾಟರಿ ಬಾನೆಟ್ಟಿನ ಕೆಳಗಿಲ್ಲ, ಆಸನಗಳ ಹಿಂದೆ ಕಾರ್ಪೆಟ್ಟಿನಡಿಯ ಮುಚ್ಚಳದ ಕೆಳಗಿದೆ. ಮೊದಮೊದಲ ಕಾರುಗಳಲ್ಲಿ ಆರು ವೋಲ್ಟಿನವು ಎರಡಿದ್ದವು. ಹಳೆಯ ಕಾರ್ಪೆಟ್ಟಿನ ತುಂಡುಗಳು ಎಷ್ಟೇ ಹೊಲಸಾಗಿದ್ದರೂ ಎಸೆಯಬಾರದು, ಹೊಸದನ್ನು ಕತ್ತರಿಸಲು ಅವೇ ಅಳತೆ.

ಇಲ್ಲಿ ಕೆಲಸಗಾರ ಮಿತ್ರರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಆ ಕಾಲದ ಕಾರುಗಳಲ್ಲಿ ಬ್ರೇಕು, ಕ್ಲಚ್ಚು, ಗ್ಯಾಸ್ಕೆಟ್ಟುಗಳಿಗೆ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಇಂಜಿನ್ನಿನ ಶಾಖ ತಡೆಯುವ ಹಲಗೆಗಳಲ್ಲಿಯೂ ಅದು ಇರಬಹುದು. ಬ್ರಿಟನ್ನಿನಲ್ಲಿ ಅದರ ಬಳಕೆಯನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಅದರ ನವಿರಾದ ಎಳೆಗಳು ಶ್ವಾಸಕೋಶಕ್ಕೆ ಹೊಕ್ಕರೆ ಹತ್ತಾರು ವರ್ಷಗಳ ಮೇಲೆ ರೋಗವಾಗಿ ಏಳುತ್ತವೆ. ಕಣ್ಣಿಗೆ ನೋಡಿ ಇದು ಅದೇ, ಇದು ಅದಲ್ಲ ಎಂದು ಹೇಳಬರುವುದಿಲ್ಲ, ಪ್ರಯೋಗಶಾಲೆಯ ಪರೀಕ್ಷೆಯೇ ಆಗಬೇಕು. ಇಂಜಿನ್ನಿನ ಕಡೆಯ ಗೋಡೆಯಲ್ಲಿ ಬೂದುಬಣ್ಣದ, ಪುಡಿಯಾಗುವ ಹಲಗೆ ಕಂಡರೆ ಒಣಗಿದ್ದಂತೆಯೇ ಕೆರೆಯಬೇಡಿ, ಪೊರಕೆ ಹಾಕಬೇಡಿ, ಗಾಳಿ ಊದಬೇಡಿ. ಮುಟ್ಟದೆ ಬಿಟ್ಟು ಮಾಲೀಕರಿಗೆ ತಿಳಿಸಿ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಕೆಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ನೆಲ ಬರಿದಾದ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋಗಬೇಕು. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದುಮಾಡುತ್ತದೆ. ಹೊಸ್ತಿಲಿನ ಅಂಚು, ಆಸನದ ಬೋಲ್ಟುಗಳ ಸುತ್ತ, ಕಾಲಿಡುವ ಮೂಲೆಗಳು, ಇವನ್ನು ಬಿಡಬಾರದು. ತೂತಿದ್ದರೆ ವೆಲ್ಡಿಂಗು ಈಗಲೇ ಆಗಬೇಕು. ಫೆಲ್ಟು ಹಾಕಿದ ಮೇಲೆ ವೆಲ್ಡಿಂಗಿನ ಕಿಡಿ ಬಿದ್ದರೆ ಕಾರೇ ಉಳಿಯದು. ತುಕ್ಕನ್ನು ಉಜ್ಜಿ ತೆಗೆದು, ಪ್ರೈಮರು, ಬೆಸುಗೆಯ ಸಂದುಗಳಿಗೆ ಸೀಲರು, ಮೇಲೆ ಬಣ್ಣ ಬಳಿದು ಪೂರ್ತಿ ಒಣಗಲು ಬಿಡಬೇಕು.

ಹೊಸ ಮೆತ್ತೆ ಯಾವುದು ಎಂಬಲ್ಲಿ ಅಂಗಡಿಯವರು ತಲೆಗೊಂದು ಮಾತು ಹೇಳುತ್ತಾರೆ. ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿ ನೋಡಿ. ಸ್ಟೀಲು ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಬೆರಳಿಂದ ಬಾರಿಸಿ, ಗಂಟೆಯಂತೆ ಮೊಳಗುತ್ತದೆ. ಅದರ ಬೆನ್ನಿಗೆ ನಡುವೆ ಚಪಾತಿ ಹಿಟ್ಟಿನ ಮುದ್ದೆ ಒತ್ತಿ ಮತ್ತೆ ಬಾರಿಸಿ, ಸದ್ದು ಅಲ್ಲೇ ಸಾಯುತ್ತದೆ. ಡಾಂಬರಿನ ಹಲಗೆಯೂ ಈಗ ಬರುವ ಬ್ಯುಟೈಲ್ ರಬ್ಬರಿನ ಹಾಳೆಯೂ ಮಾಡುವುದು ಈ ಹಿಟ್ಟಿನ ಕೆಲಸವನ್ನೇ: ತಗಡಿನ ಕಂಪನವನ್ನು ತಿನ್ನುವುದು. ಹಿಟ್ಟು ತಟ್ಟೆಯನ್ನೆಲ್ಲ ಮುಚ್ಚಬೇಕಾಗಿರಲಿಲ್ಲ, ನೋಡಿ. ಹಾಗೆಯೇ ಈ ಹಾಳೆಯನ್ನೂ ಪ್ರತಿ ತಗಡಿನ ನಡುಭಾಗಕ್ಕೆ ಅಂಟಿಸಿದರೆ ಬಹುಪಾಲು ಲಾಭ ಬಂದೇ ಬರುತ್ತದೆ. ಇಡೀ ನೆಲಕ್ಕೆ ಬಳಿದು ಮಾಲೀಕರ ಹಣವನ್ನೂ ಕಾರಿನ ತೂಕವನ್ನೂ ಏರಿಸುವುದು ವ್ಯರ್ಥ.

ಶಾಖಕ್ಕೆ ಬೇರೆ ಉಪಾಯ. ಗೇರುಪೆಟ್ಟಿಗೆಯ ಸುರಂಗ ಮತ್ತು ಇಂಜಿನ್ನಿನ ಕಡೆಯ ಗೋಡೆ ಹೆಚ್ಚು ಕಾಯುವ ಜಾಗಗಳು. ಹೊಳೆಯುವ ಅಲ್ಯೂಮಿನಿಯಂ ಹಾಳೆ ಶಾಖವನ್ನು ಹಿಂದಕ್ಕೆಸೆಯುತ್ತದೆಂಬುದು ನಿಜ. ಆದರೆ ಅದರ ಮುಂದೆ ಗಾಳಿಯ ಎಡೆ ಇದ್ದರೆ ಮಾತ್ರ. ಎರಡು ಪದರಗಳ ನಡುವೆ ಅದುಮಿಟ್ಟರೆ ಅದೂ ಒಂದು ತಗಡೇ. ಒಳಗಡೆ ನಿಜವಾದ ಕೆಲಸ ಮಾಡುವುದು ಮುಚ್ಚಿದ ಗುಳ್ಳೆಗಳ ಫೋಮು. ಫೋಮಿನಲ್ಲಿ ಎರಡು ಜಾತಿ; ಸ್ನಾನದ ಸ್ಪಂಜಿನಂತೆ ತೆರೆದ ಗುಳ್ಳೆಯದು ನೀರು ಹೀರುತ್ತದೆ, ಮುಚ್ಚಿದ ಗುಳ್ಳೆಯದು ಹೀರದು. ತುಂಡೊಂದನ್ನು ಬಕೆಟ್ಟಿನಲ್ಲಿ ಮುಳುಗಿಸಿ ಹಿಂಡಿ ನೋಡಿದರೆ ತಿಳಿಯಿತು. ಸೆಣಬಿನ ಫೆಲ್ಟೇ ಬೇಕು, ಮೂಲದಂತೆಯೇ ಇರಬೇಕು ಎಂಬ ಮಾಲೀಕರೂ ಉಂಟು. ಹಾಕಿಕೊಡಬಹುದು. ಆದರೆ ತಗಡಿಗೆ ಅಂಟಿಸದೆ ಸುಮ್ಮನೆ ಹಾಸಬೇಕು.

ಅಂಟು ಬೇಕಾಗುವುದು ಸುರಂಗಕ್ಕೂ ಗೋಡೆಗಳಿಗೂ. ಸೈಕಲ್ ಟ್ಯೂಬಿಗೆ ಸೊಲ್ಯೂಷನ್ ಹಚ್ಚುವ ಕ್ರಮವೇ ಇಲ್ಲಿಯೂ: ಎರಡೂ ಕಡೆ ತೆಳುವಾಗಿ ಬಳಿದು, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಒತ್ತುವುದು. ಬಾಗಿಲುಗಳು ತೆರೆದಿರಲಿ. ಆ ಆವಿಗೆ ತಲೆ ತಿರುಗುತ್ತದೆ, ಬೀಡಿಯ ಕಿಡಿ ಸಾಕು ಹೊತ್ತಿಕೊಳ್ಳಲು. ನೆಲದ ಹಾಸನ್ನಂತೂ ಅಂಟಿಸಲೇಬಾರದು. ಟಿಚ್ ಬಟನ್ ಹಾಕಿದರೆ ಬೇಕಾದಾಗ ಎತ್ತಿ ಬಿಸಿಲಿಗೆ ಒಣಹಾಕಬಹುದು. ಬ್ಯಾಟರಿಯ ಮುಚ್ಚಳ, ನೆಲದ ರಬ್ಬರ್ ಬಿರಡೆಗಳು, ಪಟ್ಟಿಯ ಬೋಲ್ಟುಗಳು ಇವುಗಳ ಮೇಲೆ ಮೆತ್ತೆ ಹೋಗಬಾರದು.

ಮೆತ್ತೆ ದಪ್ಪವಾದಷ್ಟೂ ಒಳ್ಳೆಯದೆಂಬ ಭಾವನೆಯಿಂದ ಆಗುವ ಅನಾಹುತ ಎರಡು. ಆಸನದ ಹಳಿಯ ಕೆಳಗೆ ಮೆತ್ತೆ ಸಿಕ್ಕಿದರೆ ಅದು ದಿನಗಳೆದಂತೆ ಕುಗ್ಗಿ ಬೋಲ್ಟು ಸಡಿಲವಾಗುತ್ತದೆ. ಆಕ್ಸಿಲರೇಟರಿನ ಕೆಳಗೆ ದಪ್ಪ ಹಾಸು ಉಬ್ಬಿದರೆ ಪೆಡಲು ಪೂರ್ತಿ ಇಳಿಯದು, ಇಲ್ಲವೆ ಇಳಿದದ್ದು ಏಳದು. ಕೆಲಸ ಮುಗಿದ ಮೇಲೆ ಇಂಜಿನ್ನು ನಿಲ್ಲಿಸಿದ್ದಾಗಲೇ ಮೂರು ಪೆಡಲುಗಳನ್ನೂ ಕೊನೆಯವರೆಗೆ ಒತ್ತಿ ಬಿಟ್ಟು ನೋಡಿ.

ನಮ್ಮ ಮಿತ್ರರು ಆ ಕಾರಿನ ಎರಡೂ ಹಾಸುಗಳನ್ನು ಕಿತ್ತರು. ಚಾಲಕನ ಹಿಮ್ಮಡಿ ಊರುವಲ್ಲಿ ಅಂಗೈಯಗಲ ತಗಡು ಹಪ್ಪಳದಂತಾಗಿತ್ತು. ಅದು ಎರಡು ತಿಂಗಳಲ್ಲಿ ಆದದ್ದಲ್ಲವೆಂದು ಮಾಲೀಕರಿಗೂ ಕಂಡಿತು. ವೆಲ್ಡಿಂಗಿನ ಖರ್ಚನ್ನು ಅವರು ಹೊತ್ತರು, ಹಾಸಿನ ಎರಡನೆಯ ಕೂಲಿಯಲ್ಲಿ ಅರ್ಧ ಮಾತ್ರ ಕೊಟ್ಟರು. ಅಂದಿನಿಂದ ಮಿತ್ರರು ಯಾವ ಕಾರು ಬಂದರೂ ಮೊದಲು ಒಂದು ಮೂಲೆಯ ಹಾಸನ್ನೆತ್ತಿ, ಮಾಲೀಕರ ಎದುರಿಗೇ ಫೋನಿನಲ್ಲಿ ನೆಲದ ಚಿತ್ರ ತೆಗೆದುಕೊಂಡು, ಕಂಡದ್ದನ್ನು ಬಿಲ್ಲಿನ ಮೇಲೆ ಬರೆಯಿಸಿ ಸಹಿ ಹಾಕಿಸಿಕೊಳ್ಳುತ್ತಾರೆ.