ಜೌಗು ನೆಲದಲ್ಲಿ ಸಮುದ್ರದ ಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಭಾಗಕ್ಕೆ ನ್ಯೂ ಇಂಗ್ಲೆಂಡ್ ಎಂದು ಹೆಸರು. 1938ನೆಯ ಇಸವಿ ಸೆಪ್ಟೆಂಬರ್ 21ನೆಯ ತಾರೀಖಿನ ಮಧ್ಯಾಹ್ನ ಆ ಪ್ರಾಂತದ ದಕ್ಷಿಣ ತೀರವನ್ನು ಭಯಂಕರವಾದ ಚಂಡಮಾರುತವೊಂದು ಅಪ್ಪಳಿಸಿತು. ಉಕ್ಕಿಬಂದ ಸಮುದ್ರವು ತೀರದ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ರೋಡ್ ಐಲೆಂಡ್ ಸಂಸ್ಥಾನದ ರಾಜಧಾನಿಯಾದ ಪ್ರಾವಿಡೆನ್ಸ್ ನಗರದ ಪೇಟೆಬೀದಿಗಳು ನೀರಿನಲ್ಲಿ ಮುಳುಗಿದುವು. ಒಟ್ಟಿನಲ್ಲಿ 600ಕ್ಕೆ ಮೇಲ್ಪಟ್ಟು ಜನರು ಪ್ರಾಣ ನೀಗಿದರು. ಆ ನಗರದಲ್ಲಿ ಸಮುದ್ರವು ಅದಕ್ಕೆ ಹಿಂದೆ ಆ ಪರಿಯಾಗಿ ಏರಿದ್ದುದು 1815ರಲ್ಲಿ. ಅಲ್ಲಿನ ಹಳೆಯ ಮಾರ್ಕೆಟ್ ಕಟ್ಟಡದ ಗೋಡೆಯ ಮೇಲೆ ಎರಡು ಪ್ರವಾಹಗಳ ಮಟ್ಟವನ್ನೂ ಗುರುತುಮಾಡಿದ್ದಾರೆ. ನಡುವಣ ಅಂತರ 123 ವರ್ಷ. ಮೊದಲನೆಯದನ್ನು ಕಣ್ಣಾರೆ ಕಂಡವರು ಯಾರೂ ಎರಡನೆಯದರ ಕಾಲಕ್ಕೆ ಉಳಿದಿರಲಿಲ್ಲ.

ಇಂಥ ವಿಪತ್ತು ಎಷ್ಟು ವರ್ಷಗಳಿಗೊಮ್ಮೆ ಬರುತ್ತದೆ? ತೀರದಲ್ಲಿ ಮನೆ ಕಟ್ಟುವವರಿಗೂ ಊರನ್ನು ಕಾಯಬೇಕಾದ ಸರ್ಕಾರಕ್ಕೂ ಇದು ಪ್ರಾಣಪ್ರಶ್ನೆ. ಆದರೆ ಉಬ್ಬರವಿಳಿತಗಳನ್ನು ಯಂತ್ರದಿಂದ ಅಳೆದಿಟ್ಟ ಲೆಕ್ಕ ಆ ಭಾಗದಲ್ಲಿ 19ನೆಯ ಶತಮಾನದಿಂದೀಚೆಗೆ ಮಾತ್ರ ಉಂಟು. ಯೂರೋಪಿನಿಂದ ಬಂದು ನೆಲೆಸಿದವರ ಬರಹಗಳನ್ನು ಹಿಡಿದು ಹಿಂದಕ್ಕೆ ಹೋದರೂ 17ನೆಯ ಶತಮಾನಕ್ಕೆ ದಾರಿ ಮುಗಿಯುತ್ತದೆ. ಶತಮಾನಕ್ಕೆ ಒಂದೆರಡು ಸಲ ಮಾತ್ರ ಬರುವ ವಿಪತ್ತಿನ ಸ್ವಭಾವವನ್ನು ತಿಳಿಯಲು ಇಷ್ಟು ಸಾಲದು. ಇದಕ್ಕಿಂತ ಹಳೆಯ ಸಾಕ್ಷ್ಯವನ್ನು ವಿಜ್ಞಾನಿಗಳು ತೀರದ ಜೌಗು ನೆಲದಿಂದ ಅಗೆದು ತೆಗೆದಿದ್ದಾರೆ. ಅದರ ಕ್ರಮವನ್ನು ನಾವು ಈಗ ಸ್ಥೂಲವಾಗಿ ನೋಡೋಣ.

ಅಳಿವೆಗಳ ಪಕ್ಕದಲ್ಲಿಯೂ ಮರಳುದಿಬ್ಬಗಳ ಮರೆಯಲ್ಲಿಯೂ ಉಪ್ಪುನೀರು ಬಂದುಹೋಗುವ ತಗ್ಗು ಪ್ರದೇಶಗಳಿವೆ. ಅಲ್ಲಿ ಹುಲ್ಲು ದಟ್ಟವಾಗಿ ಬೆಳೆಯುತ್ತದೆ. ಹುಲ್ಲು ಸತ್ತರೂ ಅದರ ಬೇರುಗಳು ಪೂರ್ಣವಾಗಿ ಕೊಳೆಯುವುದಿಲ್ಲ. ಏಕೆಂದರೆ ಸದಾ ನೀರು ತುಂಬಿರುವ ಆ ಮಣ್ಣಿನೊಳಗೆ ಗಾಳಿಯಾಡದು. ಹೀಗೆ ಉಳಿದ ಬೇರುಗಳೂ ಉಬ್ಬರವು ತಂದ ನುಣ್ಣನೆಯ ಕೆಸರೂ ಕೂಡಿಕೊಂಡು ಕಂದುಬಣ್ಣದ ಮೆತ್ತನೆಯ ಪದರಗಳಾಗುತ್ತವೆ. ಇದಕ್ಕೆ ಪೀಟು ಎಂದು ಹೆಸರು. ಸಮುದ್ರದ ಮಟ್ಟವು ಮೆಲ್ಲಮೆಲ್ಲನೆ ಏರುತ್ತಿದ್ದರೆ ಜೌಗು ನೆಲವೂ ಪದರದ ಮೇಲೆ ಪದರ ಬೆಳೆದು ಅದರೊಡನೆ ಏರುತ್ತದೆ. ಆದುದರಿಂದ ಆಳಕ್ಕೆ ಇಳಿದಷ್ಟೂ ನಾವು ಹಿಂದಿನ ಕಾಲಕ್ಕೆ ಹೋದಂತೆ.

ಒಂದು ಪದರವು ಹುಟ್ಟಿದಾಗ ಸಮುದ್ರವು ಎಷ್ಟು ಎತ್ತರದಲ್ಲಿತ್ತು ಎಂಬುದನ್ನು ತಿಳಿಯುವ ಬಗೆ ಹೇಗೆ? ಇದನ್ನು ಹೇಳುವುದು ಸಸ್ಯಗಳು. ಆ ತೀರದಲ್ಲಿ ಸ್ಪಾರ್ಟಿನ ಎಂಬ ಹುಲ್ಲಿನ ಎರಡು ಜಾತಿಗಳು ಮುಖ್ಯವಾದುವು. ಎತ್ತರವಾದ ಜಾತಿಯು ದಿನವೂ ಉಬ್ಬರದಲ್ಲಿ ಮುಳುಗುವ ಕೆಳಗಿನ ಪಟ್ಟಿಯಲ್ಲಿ ಬೆಳೆಯುತ್ತದೆ. ಗಿಡ್ಡನೆಯ ಜಾತಿಯು ದೊಡ್ಡ ಉಬ್ಬರಗಳಿಗೆ ಮಾತ್ರ ಸಿಕ್ಕುವ ಮೇಲಿನ ಪಟ್ಟಿಯಲ್ಲಿ ಬೆಳೆಯುತ್ತದೆ. ಇವುಗಳ ಬೇರನ್ನು ಪೀಟಿನಲ್ಲಿಯೂ ಗುರುತಿಸಬಹುದು. ಇದಕ್ಕಿಂತ ಸೂಕ್ಷ್ಮವಾದ ಸಾಕ್ಷಿ ಫೊರಾಮಿನಿಫೆರ ಎಂಬ ಚಿಪ್ಪುಳ್ಳ ಅಣುಜೀವಿಗಳದು. ಇವುಗಳಲ್ಲಿಯೂ ಒಂದೊಂದು ಜಾತಿ ಒಂದೊಂದು ಎತ್ತರದಲ್ಲಿ ವಾಸಿಸುತ್ತದೆಂಬುದನ್ನೂ, ಹಳೆಯ ಸಮುದ್ರಮಟ್ಟವನ್ನು ಅದರಿಂದ ನಿಖರವಾಗಿ ಗುರುತಿಸಬಹುದೆಂಬುದನ್ನೂ 1978ರಲ್ಲಿ ಕೆನಡಾ ದೇಶದ ಡೇವಿಡ್ ಸ್ಕಾಟ್ ಮತ್ತು ಫ್ರಾಂಕೊ ಮೆಡಿಯೋಲಿ ಎಂಬವರು ತೋರಿಸಿಕೊಟ್ಟರು.

ಪದರದ ವಯಸ್ಸನ್ನು ಇಂಗಾಲವು ತಿಳಿಸುತ್ತದೆ. ಸಸ್ಯವು ಬದುಕಿರುವಾಗ ಗಾಳಿಯಿಂದ ಪಡೆದ ಇಂಗಾಲ-14 ಎಂಬ ಅಂಶವು, ಸತ್ತ ಮೇಲೆ 5,730 ವರ್ಷಕ್ಕೆ ಅರ್ಧದ ಪ್ರಮಾಣದಲ್ಲಿ ಕ್ಷಯಿಸುತ್ತ ಹೋಗುತ್ತದೆ. ಉಳಿದುದನ್ನು ಅಳೆದರೆ ಕಾಲ ತಿಳಿಯುವುದು. ಇತ್ತೀಚಿನ ಪದರಗಳಿಗೆ ಬೇರೆ ಗುರುತುಗಳುಂಟು. ಪರಮಾಣು ಬಾಂಬುಗಳ ಪರೀಕ್ಷೆಯಿಂದ ಉದುರಿದ ಸೀಸಿಯಂ 1963ರ ಪದರದಲ್ಲಿ ಅತ್ಯಧಿಕವಾಗಿರುತ್ತದೆ. ವಲಸೆಗಾರರು ಕಾಡು ಕಡಿದು ಹೊಲ ಮಾಡಿದ ಕಾಲದ ಪದರದಲ್ಲಿ ಕಳೆಗಿಡಗಳ ಪರಾಗ ಹೆಚ್ಚಾಗಿರುತ್ತದೆ.

ಇಲ್ಲೊಂದು ತೊಡಕಿದೆ. ಪೀಟು ಮೆತ್ತನೆಯದು, ಮೇಲಿನ ಭಾರಕ್ಕೆ ಕುಸಿಯುತ್ತದೆ. ಕುಸಿದ ಪದರವು ಸಮುದ್ರಮಟ್ಟವನ್ನು ಇದ್ದುದಕ್ಕಿಂತ ಕೆಳಗೆ ತೋರಿಸುತ್ತದೆ. ರೋಡ್ ಐಲೆಂಡಿನ ನೆರೆಯ ಕನೆಕ್ಟಿಕಟ್ ಸಂಸ್ಥಾನದಲ್ಲಿ ಜೆಫ್ರಿ ಡಾನೆಲಿ ಮತ್ತು ಅವರ ಸಂಗಡಿಗರು ಇದಕ್ಕೆ ಒಳ್ಳೆಯ ಉಪಾಯವನ್ನು ಕಂಡುಕೊಂಡರು. ಹಿಮಯುಗದಲ್ಲಿ ಹಿಮನದಿಯು ಹೊತ್ತುತಂದು ಬಿಟ್ಟುಹೋದ ಬಂಡೆಯೊಂದು ಅಲ್ಲಿನ ಜೌಗಿನಲ್ಲಿ ಹೂತುಹೋಗಿತ್ತು. ಬಂಡೆ ಕುಸಿಯದು. ಅದರ ಮೈಗೆ ತಾಗಿಕೊಂಡೇ ಬೆಳೆದ ಪೀಟನ್ನು ಬೇರೆ ಬೇರೆ ಎತ್ತರಗಳಲ್ಲಿ ತೆಗೆದು ಕಾಲವನ್ನು ನಿರ್ಣಯಿಸಿದರು. 2004ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಸುಮಾರು 1300ರಿಂದ 1850ರ ವರೆಗೆ ಅಲ್ಲಿ ಸಮುದ್ರವು ವರ್ಷಕ್ಕೆ ಸರಾಸರಿ 1 ಮಿಲಿಮೀಟರಿನಂತೆ ಏರಿತು. ಇದರಲ್ಲಿ ನೆಲವೇ ಮೆಲ್ಲನೆ ತಗ್ಗಿದುದರ ಪಾಲೂ ಸೇರಿದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ವೇಗವು ಹೆಚ್ಚುಕಡಿಮೆ ಮೂರು ಪಾಲಾಯಿತು.

ಇನ್ನು ಬಿರುಗಾಳಿಗಳ ವಿಷಯ. ರೋಡ್ ಐಲೆಂಡಿನ ಸಕಟಾಶ್ ಎಂಬ ಜೌಗಿಗೂ ಸಮುದ್ರಕ್ಕೂ ನಡುವೆ ಮರಳಿನ ದಂಡೆಯೊಂದು ಗೋಡೆಯಂತೆ ನಿಂತಿದೆ. ಸಾಧಾರಣ ಅಲೆಗಳು ಅದನ್ನು ದಾಟಲಾರವು. ಮಹಾ ಚಂಡಮಾರುತದಲ್ಲಿ ಮಾತ್ರ ಸಮುದ್ರವು ದಂಡೆಯ ಮೇಲೆ ಹರಿದು, ಮರಳನ್ನು ಜೌಗಿನ ಮೇಲೆ ಬೀಸಣಿಗೆಯಾಕಾರದಲ್ಲಿ ಹರಡುತ್ತದೆ. ಕ್ರಮೇಣ ಹುಲ್ಲು ಮತ್ತೆ ಹಬ್ಬಿ ಮರಳು ಪೀಟಿನಡಿ ಅಡಗುತ್ತದೆ. ಡಾನೆಲಿಯವರ ತಂಡವು 2001ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ 1954ರ, 1938ರ, 1815ರ ಮರಳುಗಳು ಕಂಡುಬಂದುವು. ಕೆಳಗಡೆ 17ನೆಯ ಶತಮಾನದ ಮರಳಿತ್ತು. ವಲಸೆಗಾರರ ಬರಹಗಳಲ್ಲಿ 1635ರಲ್ಲಿಯೂ 1638ರಲ್ಲಿಯೂ ಚಂಡಮಾರುತಗಳ ಸುದ್ದಿಯಿದೆ. ಅದಕ್ಕೂ ಕೆಳಗೆ, ಯಾವ ಬರಹದಲ್ಲಿಯೂ ಇಲ್ಲದ ಇನ್ನೆರಡು ಮರಳಿನ ಪದರಗಳಿದ್ದುವು. ಸುಮಾರು 700 ವರ್ಷಗಳಲ್ಲಿ ಕನಿಷ್ಠಪಕ್ಷ ಏಳು ಮಹಾ ಚಂಡಮಾರುತಗಳು ಅಲ್ಲಿಗೆ ಬಂದಿವೆಯೆಂದು ಅವರು ನಿರ್ಣಯಿಸಿದರು.

ಕನಿಷ್ಠಪಕ್ಷ ಎಂಬ ಮಾತನ್ನು ನಾವು ಗಮನಿಸಬೇಕು. ಎಲ್ಲ ಬಿರುಗಾಳಿಗಳೂ ಮರಳನ್ನು ಬಿಟ್ಟುಹೋಗುವುದಿಲ್ಲ; ಒಂದು ಬಿಟ್ಟುದನ್ನು ಮತ್ತೊಂದು ಕೊರೆದೊಯ್ಯಲೂಬಹುದು. ಏಳನ್ನು 700ಕ್ಕೆ ಹಂಚಿ, ಶತಮಾನಕ್ಕೊಂದೆಂದು ಪಂಚಾಂಗ ಬರೆಯುವುದೂ ಸಲ್ಲದು. 1815ರಿಂದ 1938ಕ್ಕೆ 123 ವರ್ಷವಾದರೆ, ಅಲ್ಲಿಂದ 1954ಕ್ಕೆ 16 ವರ್ಷ ಮಾತ್ರ.

ಈ ಎರಡು ಲೆಕ್ಕಗಳನ್ನು ಕೂಡಿಸಿ ನೋಡಿದಾಗ ವಿಷಯದ ಗುರುತ್ವವು ತಿಳಿಯುತ್ತದೆ. ಬಿರುಗಾಳಿಯು ನೀರನ್ನು ಎಬ್ಬಿಸುವುದು ಆಗಿನ ಸಮುದ್ರಮಟ್ಟದ ಮೇಲಿಂದ. 1938ಕ್ಕಿಂತ ಆ ತೀರದಲ್ಲಿ ಸಮುದ್ರವು ಈಗ ಸುಮಾರು ಒಂದು ಗೇಣು ಮೇಲಿದೆ. ಅದೇ ಬಲದ ಗಾಳಿ ಮತ್ತೆ ಬಂದರೆ ನೀರು ಆ ಮೆಟ್ಟಿಲಿನಿಂದ ಏರತೊಡಗುವುದು. 1954ರ ಹಾನಿಯ ತರುವಾಯ ಪ್ರಾವಿಡೆನ್ಸಿನವರು ಫಾಕ್ಸ್ ಪಾಯಿಂಟ್ ಎಂಬಲ್ಲಿ ಸಮುದ್ರಕ್ಕೆ ತಡೆಗೋಡೆಯನ್ನು ಕಟ್ಟಿಸಿದರು. ಅದು 1966ರಲ್ಲಿ ಮುಗಿಯಿತು. ಅಂಥ ಗೋಡೆ ಎಷ್ಟು ಎತ್ತರವಿರಬೇಕೆಂದು ನಿಶ್ಚಯಿಸುವವರು ಗೋಡೆಯ ಮೇಲಿನ ಗುರುತುಗಳ ಜೊತೆಗೆ ಪೀಟಿನೊಳಗಿನ ಮರಳನ್ನೂ ಕೇಳಬೇಕು. ಮೂರು ತಲೆಮಾರು ಸುಮ್ಮನಿದ್ದ ಸಮುದ್ರವನ್ನು ಜನರು ಸಾಧುವೆಂದು ನಂಬುವುದು ಸಹಜ. ಎರಡು ಮರಳುಗಳ ನಡುವಣ ಪೀಟು ಎಷ್ಟೇ ದಪ್ಪವಾಗಿರಲಿ, ಅದರ ಮೇಲೆ ಮತ್ತೊಂದು ಮರಳು ಬಂದೇ ಇದೆ.